ತಂತಾನೇ ಹೊತ್ತುತ್ತದೆಯೆ?

(ಝರಿಯಾದ ಕಲ್ಲಿದ್ದಲು ಗಣಿಯೊಂದರಲ್ಲಿ ವೆಂಟಿಲೇಶನ್ ಅಧಿಕಾರಿಯಾಗಿದ್ದು, ನಿವೃತ್ತರಾಗಿ ಊರು ಸೇರಿದ ದೊಡ್ಡಪ್ಪ. ಧನಬಾದ್‌ನಲ್ಲಿ ಗಣಿ ಎಂಜಿನಿಯರಿಂಗ್ ಓದುತ್ತಾ ರಜೆಗೆ ಬಂದಿರುವ ತಮ್ಮನ ಮಗಳು. ಮಾಗಿಯ ಬೆಳಗು. ಹಿತ್ತಲ ತಿಪ್ಪೆಯಿಂದ ಹಬೆ ಏಳುತ್ತಿದೆ.)

ದೊಡ್ಡಪ್ಪ: ತಿಪ್ಪೆಯೊಳಗೆ ಮೊಣಕೈವರೆಗೆ ಕೈ ತೂರಿಸು.

ಹುಡುಗಿ: ಅಬ್ಬಾ, ಸುಡ್ತಿದೆ! ಮೇಲೆ ನೋಡಿದ್ರೆ ಇಬ್ಬನಿ.

ದೊಡ್ಡಪ್ಪ: ಇದನ್ನ ಕಾಯಿಸಿದ್ದು ಸೂಕ್ಷ್ಮಜೀವಿ. ಕಲ್ಲಿದ್ದಲಿಗೆ ಅದೂ ಬೇಡ, ಗಾಳಿಯ ಆಮ್ಲಜನಕ ಹೀರಿಕೊಂಡೇ ಬಿಸಿಯಾಗುತ್ತೆ. ಎರಡರಲ್ಲೂ ಹುಟ್ಟಿದ ಕಾವಿಗೆ ಹೊರಗೆ ಹೋಗೋ ದಾರಿ ಇಲ್ಲ.

ಹುಡುಗಿ: ಹಾಗಾದ್ರೆ ಉರಿಯೋದು ಅದರ ಸ್ವಭಾವ ತಾನೆ? ಲ್ಯಾಬಿನಲ್ಲಿ ಕಲ್ಲಿದ್ದಲ ಪುಡಿಯನ್ನ ಗ್ಲಿಸರಿನ್ ಪಾತ್ರೆಯಲ್ಲಿಟ್ಟು ನಿಮಿಷಕ್ಕೆ 1 ಡಿಗ್ರಿಯಂತೆ ಕಾಯಿಸ್ತೀವಿ. ಗ್ಲಿಸರಿನ್ನನ್ನ ಹಿಂದೆ ಹಾಕಿ ಕಲ್ಲಿದ್ದಲೇ ಹೆಚ್ಚು ಬಿಸಿಯಾಗೋ ಹಂತ ಕ್ರಾಸಿಂಗ್ ಪಾಯಿಂಟ್. 120ರಿಂದ 140 ಡಿಗ್ರಿಯೊಳಗೆ ಬಂದ್ರೆ ಅಪಾಯ ಹೆಚ್ಚು, 160 ದಾಟಿದ್ರೆ ಕಡಿಮೆ.

ದೊಡ್ಡಪ್ಪ: ಅದು ಕಲ್ಲಿದ್ದಲಿನ ಜಾತಕ. ಬದುಕು ಬೇರೆ. ಗಾಳಿ ಜೋರಾಗಿ ಆಡಿದ್ರೆ ಕಾವು ಹಾರಿಹೋಗುತ್ತೆ, ಗಾಳಿಯೇ ಇಲ್ಲದಿದ್ರೆ ಕಾವು ಹುಟ್ಟಲ್ಲ. ಅಪಾಯ ಇರೋದು ನಡುವೆ ಜಿನುಗೋ ಗಾಳಿಯಲ್ಲಿ: ಚಾವಣಿ ಹೊರಲೆಂದು ಬಿಟ್ಟ, ಒತ್ತಡಕ್ಕೆ ಬಿರುಕುಬಿಟ್ಟ ಕಲ್ಲಿದ್ದಲ ಪಿಲ್ಲರಿನ ಸಂದಿಯಲ್ಲಿ, ಕಲ್ಲಿದ್ದಲು ತೆಗೆದು ಕುಸಿಯಲು ಬಿಟ್ಟ ಗೋಫಿನಲ್ಲಿ. ಆ ಪಿಲ್ಲರನ್ನ ಸಣ್ಣದು ಮಾಡಿದ್ದು ಯಾರು? ಗೋಫಿನಲ್ಲಿ ಪುಡಿ ಬಿಟ್ಟುಬಂದದ್ದು ಯಾರು?

ಹುಡುಗಿ: ಗೋಫಿನೊಳಗೆ ಹೋಗಿ ನೋಡೋಕಾಗಲ್ಲ. ಕಾಣದ್ದಕ್ಕೆ ಹೊಣೆ ಹೇಗೆ ದೊಡ್ಡಪ್ಪ?

ದೊಡ್ಡಪ್ಪ: ಕಾಣದಿದ್ರೂ ಅದು ಹೇಳುತ್ತೆ. ಅಲ್ಲಿಂದ ಬರೋ ಗಾಳಿಯ ಸ್ಯಾಂಪಲ್ ತಗೋ. ಕಾರ್ಬನ್ ಮೊನಾಕ್ಸೈಡ್ ಹತ್ತು ಲಕ್ಷಕ್ಕೆ 20 ಭಾಗ, ಅಂದ್ರೆ ಶೇ. 0.002. ಆಮ್ಲಜನಕದ ಕೊರತೆ ಶೇ. 0.4. ಭಾಗಿಸಿ 100ರಿಂದ ಗುಣಿಸು.

ಹುಡುಗಿ: ಗ್ರಹಾಂ ಅನುಪಾತ, 0.5. ಅದು 2ಕ್ಕೆ ಏರಿದ್ರೆ ಒಳಗೆಲ್ಲೋ ಜೋರಾಗಿ ಕಾಯ್ತಿದೆ ಅಂತ ಅರ್ಥ.

ದೊಡ್ಡಪ್ಪ: ತಾಜಾ ಗಾಳಿ ಬೆರೆತರೂ ಆ ಅನುಪಾತ ಬದಲಾಗಲ್ಲ. ಆದ್ರೆ ಒಂದು ದಿನದ ಅಂಕಿ ನಂಬಿ ಕೂರಬೇಡ. ಈ ವಾರ 0.3, ಮುಂದಿನ ವಾರ 0.4, ಆಮೇಲೆ 0.6 ಆದ್ರೆ ಆ ಏರಿಕೆ ಕೇಳಿಸಿಕೋ. ಗೋಡೆ ಬೆವರುತ್ತೆ, ಸೀಮೆಎಣ್ಣೆಯಂಥ ವಾಸನೆ ಬರುತ್ತೆ. ಅದನ್ನ ಮೊದಲು ಹಿಡಿಯೋದು ಕೆಲಸಗಾರನ ಮೂಗು. ಅವನು ಹೇಳಿದ್ದನ್ನ ತಳ್ಳಿಹಾಕಬಾರದು.

ಹುಡುಗಿ: ಅದಕ್ಕೇ ಕಾವು ಬೆಂಕಿಯಾಗೋಕೆ ಬೇಕಾದ ತಿಂಗಳುಗಳು ಮುಗಿಯೋ ಮೊದಲೇ ಪ್ಯಾನೆಲ್, ಅಂದ್ರೆ ಗಣಿಯ ಆ ಭಾಗ, ಖಾಲಿ ಮಾಡಿ, ಗೋಡೆ ಕಟ್ಟಿ ಸೀಲ್ ಮಾಡ್ತಾರೆ. ಅಲ್ಲಿಗೆ ಹೊಣೆ ಮುಗೀತಲ್ಲ?

ದೊಡ್ಡಪ್ಪ: ಎಲ್ಲಿ ಮುಗೀತು? ಹೊರಗೆ ವಾಯುಭಾರ ಏರಿಳಿದಂತೆಲ್ಲ ಮುಚ್ಚಿದ ಗೋಫೂ ಉಸಿರಾಡುತ್ತೆ. ಗೋಡೆ ಕಟ್ಟಿದವನು ಅದರ ಬಿರುಕನ್ನೂ ಕಾಯಬೇಕು.

ಹುಡುಗಿ: ಬೂದಿ ಮುಚ್ಚಿದ ಕೆಂಡ ಅನ್ನಿ.

ದೊಡ್ಡಪ್ಪ: ಆ ಮಾತಿನಲ್ಲಿ ಕೆಂಡ ಮೊದಲೇ ಇರುತ್ತೆ ತಾಯಿ. ಇಲ್ಲಿ ಕೆಂಡ ಇರಲಿಲ್ಲ, ನಮ್ಮ ಕೈಲಿ ತಿಂಗಳುಗಟ್ಟಲೆ ಸಮಯ ಇತ್ತು. ತಂತಾನೇ ಹುಟ್ಟೋದು ಕಾವು ಮಾತ್ರ. ಅದು ಬೆಂಕಿಯಾಗೋದು ಅಷ್ಟೂ ದಿನ ಯಾರೂ ಲೆಕ್ಕ ಇಡದಿದ್ದಾಗ. ಝರಿಯಾ ಕ್ಷೇತ್ರದಲ್ಲಿ ಮೊದಲ ಬೆಂಕಿ ದಾಖಲಾದದ್ದು 1916ರಲ್ಲಿ, ಭೌರಾದಲ್ಲಿ. ನೂರು ವರ್ಷ ದಾಟಿದರೂ ಝರಿಯಾದ ನೆಲದಡಿ ಬೆಂಕಿ ಆರಿಲ್ಲ.