ಊದುಗೊಳವೆ

ಆಪರೇಷನ್ ಆದ ಮರುದಿನ ಫಿಸಿಯೋಥೆರಪಿಯ ಹುಡುಗಿ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಕೊಟ್ಟಳು. ಅದರಲ್ಲಿ ಮೂರು ಕೊಳವೆ, ಮೂರು ಬಣ್ಣದ ಚೆಂಡು, ಮೇಲೆ 600, 900, 1200 ಎಂಬ ಅಂಕಿ. ಬಾಯಿಗಿಡಲು ಒಂದು ನಳಿಕೆ. ನಾನು ನಳಿಕೆ ಬಾಯಿಗಿಟ್ಟು, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಊದಿದೆ. ಒಂದು ಚೆಂಡೂ ಅಲುಗಲಿಲ್ಲ.

"ಊದಬಾರದು ಆಂಟಿ, ಒಳಗೆ ಎಳ್ಕೋಬೇಕು" ಎಂದಳು.

ಮತ್ತೆ ಊದಿದೆ. ಏನು ಮಾಡಲಿ, ಕೊಳವೆ ಕಂಡರೆ ಊದುವುದೊಂದೇ ಗೊತ್ತಿದ್ದ ಬಾಯಿ ಇದು. ದೋಣಿಗಲ್ಲಿನ ನಮ್ಮ ಮನೆಯ ಒಲೆಯ ಮುಂದೆ ಆರನೇ ವಯಸ್ಸಿಗೇ ಊದುಗೊಳವೆ ಹಿಡಿದವಳು ನಾನು. ನಮ್ಮ ಕಡೆ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಸೌದೆ ಎಷ್ಟೇ ಜೋಪಾನ ಮಾಡಿದರೂ ಹಸಿ. ಒಂದು ಸಲ ಊದಿದರೆ ಒಂದು ಮುಖದ ತುಂಬ ಹೊಗೆ.

ಬಿಡದ ಕೆಮ್ಮಿಗೆ ಎಕ್ಸ್‌ರೇ, ಸ್ಕ್ಯಾನ್, ಸೂಜಿ ಪರೀಕ್ಷೆ ಎಲ್ಲ ಮುಗಿದು, ಬಲಗಡೆಯ ಶ್ವಾಸಕೋಶದಲ್ಲಿ ಗೆಡ್ಡೆ ಇದೆ, ಅದು ಕ್ಯಾನ್ಸರ್ ಎಂದು ಗೊತ್ತಾದದ್ದು 2022ರಲ್ಲಿ. ಬಲ ಶ್ವಾಸಕೋಶಕ್ಕೆ ಮೂರು ಭಾಗ, ಹೃದಯಕ್ಕೆ ಜಾಗ ಬಿಡಬೇಕಾದ ಎಡದ್ದಕ್ಕೆ ಎರಡೇ ಭಾಗ. ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಬರೆದಿಟ್ಟು ಹೋದ ಈ ಚಿತ್ರವನ್ನು ಎಷ್ಟೋ ಸಲ ಒರೆಸಿ ನಾನು ಕನ್ನಡ ಪಾಠ ಶುರುಮಾಡಿದ್ದೇನೆ. ಬೆಂಗಳೂರಿನ ಡಾಕ್ಟರು ಅದೇ ಚಿತ್ರವನ್ನು ಕಾಗದದ ಮೇಲೆ ಬರೆದು, ಮೇಲಿನ ಭಾಗಕ್ಕೆ ಗೆರೆ ಎಳೆದು, "ಇಷ್ಟನ್ನು ತೆಗೆಯುತ್ತೇವೆ. ಉಳಿದದ್ದು ಹಿಗ್ಗಿ ಆ ಜಾಗ ತುಂಬಿಕೊಳ್ಳುತ್ತದೆ. ಆದರೆ ನೀವು ಉಸಿರು ಆಳವಾಗಿ ಎಳೆದುಕೊಳ್ಳಬೇಕು" ಎಂದರು. ಆ ಮೂರು ಚೆಂಡುಗಳ ಕೆಲಸವೇ ಅದು. ನೋವಿಗೆ ಹೆದರಿ ಮೇಲೆಮೇಲೆ ಉಸಿರಾಡಿದರೆ ಒಳಗೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು.

ನೋಡಲು ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಮನೆಯವರು ಸಿಗರೇಟು ಸೇದ್ತಾರಾ?" ಇಲ್ಲ. "ಮತ್ತೆ ನಿಮಗೆ ಹೇಗೆ ಬಂತು?" ನಾನು ಪ್ರತಿ ಸಲವೂ, ಉಸಿರು ಸಾಲದಿದ್ದರೂ, ಸ್ಪಷ್ಟವಾಗಿ ಹೇಳುತ್ತಿದ್ದೆ: "ನಮ್ಮ ಮನೇಲಿ ಯಾರೂ ಬೀಡಿ, ಸಿಗರೇಟು ಮುಟ್ಟಿದವರಲ್ಲ." ಕೇಳಿದವರ ಕಣ್ಣಲ್ಲಿ ನೀರಾಡುತ್ತಿತ್ತು. "ನಿಮ್ಮಂಥವರಿಗೆ ಬರಬಾರದಿತ್ತು ಟೀಚರ್" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ, ಆ ಮಾತು ನನಗೆ ಹಿತವಾಗುತ್ತಿತ್ತು.

ಪಕ್ಕದ ಮಂಚದಲ್ಲಿ ಚಿಕ್ಕಮಗಳೂರು ಕಡೆಯ ಕಾಫಿ ತೋಟದಲ್ಲಿ ಆಳಾಗಿ ದುಡಿದ ಹೆಂಗಸೊಬ್ಬರಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ನನಗಿಂತ ನಾಲ್ಕು ದಿನ ಮುಂಚೆ ಅವರಿಗೂ ಇದೇ ಆಪರೇಷನ್ ಆಗಿತ್ತು. ಅವರು ಬೀಡಿ ಸೇದುತ್ತಿದ್ದರು. ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಕೆಲಸ ಮಾಡುವಾಗ ಚಳಿಗೆಂದು ಹುಡುಗಿಯಾಗಿದ್ದಾಗಲೇ ಕಲಿತದ್ದಂತೆ. ಕಾಲಿಗೆ ಇಂಬಳ ಹತ್ತದ ಹಾಗೆ ಹೊಗೆಸೊಪ್ಪು ತಿಕ್ಕಿಕೊಳ್ಳುತ್ತಿದ್ದರಂತೆ. ಅವರನ್ನು ನೋಡಲು ಬಂದವರು ಯಾರೂ 'ಹೇಗೆ ಬಂತು' ಎಂದು ಕೇಳಲಿಲ್ಲ. ಮಗನೇ, "ಬೇಡ ಬೇಡ ಅಂದ್ರೆ ಕೇಳಿದ್ಯಾ? ಈಗ ಅನುಭವಿಸು" ಎಂದು ಜೋರಾಗಿ ಹೇಳಿ, ಆಮೇಲೆ ಹೊರಗೆ ಹೋಗಿ ಅತ್ತು ಬಂದ.

ಮೂರನೆಯ ರಾತ್ರಿ ನನಗೆ ಉಸಿರು ಅರ್ಧಕ್ಕೇ ನಿಲ್ಲತೊಡಗಿತು. ಪಕ್ಕೆಲುಬಿನ ಸಂದಿಯಲ್ಲಿ ನಳಿಕೆ, ಎಳೆದುಕೊಂಡರೆ ನೋವು, ಎಳೆದುಕೊಳ್ಳದಿದ್ದರೆ ಭಯ. ಇನ್ನೊಂದು ಉಸಿರು ಬರುವುದೇ ಇಲ್ಲವೇನೋ ಎನ್ನಿಸಿ ಕೈಕಾಲು ತಣ್ಣಗಾದವು. ಬೆಲ್ಲು ಒತ್ತಿದೆ. ನರ್ಸು ಬರುವಷ್ಟರಲ್ಲಿ ಪಕ್ಕದ ಮಂಚದಿಂದ ದನಿ ಬಂತು. "ಟೀಚರಮ್ಮಾ, ಗಾಳಿ ಎಲ್ಲೂ ಓಡಿಹೋಗಲ್ಲ. ಮೊದ್ಲು ತುಟಿ ಸಣ್ಣಕ್ಕೆ ಮಾಡಿ ನಿಧಾನಕ್ಕೆ ಬಿಡಿ. ಬಿಟ್ರೆ ತಾನೇ ಬರ್ತದೆ. ಕೆಮ್ಮು ಬಂದ್ರೆ ದಿಂಬು ಅಪ್ಕೊಂಡು ಕೆಮ್ಮಿ." ಅವರು ಎಣಿಸಿದರು, ನಾನು ಬಿಟ್ಟೆ. ನರ್ಸು ಬಂದು ಎಲ್ಲ ನೋಡಿ, ತೊಂದರೆ ಇಲ್ಲ ಎಂದು ಆಕ್ಸಿಜನ್ ಸರಿಮಾಡಿ ಹೋದಳು.

ಸಮಾಧಾನವಾದ ಮೇಲೆ ನಿದ್ದೆ ಬರಲಿಲ್ಲ. ನಾಚಿಕೆ ಬಂತು. ಮೂರು ದಿನದಿಂದ ನಾನು 'ಮುಟ್ಟಿದವರಲ್ಲ' ಎಂದಾಗಲೆಲ್ಲ ಅವರು ಕೇಳಿಸಿಕೊಂಡಿದ್ದರು. 'ನಿಮ್ಮಂಥವರಿಗೆ ಬರಬಾರದಿತ್ತು' ಎಂದರೆ, ಅವರಂಥವರಿಗೆ ಬರಬಹುದಿತ್ತು ಎಂದೇ ಅರ್ಥವಲ್ಲವೇ? ನನಗೆ ಸಿಕ್ಕ ಮರುಕದ ಬೆಲೆಯನ್ನು ಅವರು ತೆತ್ತಿದ್ದರು.

ಮೂವತ್ತು ವರ್ಷ ಶಾಲೆಯಲ್ಲಿ ಇದನ್ನೇ ಹೇಳಿದ್ದೇನೆ. ಓದಿದವರಿಗೆ ಅಂಕ, ಓದದವರಿಗೆ ಸೊನ್ನೆ. ಮಾಡಿದ್ದುಣ್ಣೋ ಮಹರಾಯ. ಅಂಕಪಟ್ಟಿಗೆ ಸರಿಹೋಗುವ ಈ ಲೆಕ್ಕವನ್ನು ನಾನು ಆಸ್ಪತ್ರೆಯ ಮಂಚದವರೆಗೂ ತಂದಿದ್ದೆ.

ಆಮೇಲೆ ಓದಿ ತಿಳಿದ ಒಂದು ಸಂಗತಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1933ರಲ್ಲಿ ಇವಾರ್ಟ್ಸ್ ಗ್ರಹಾಂ ಎಂಬ ಶಸ್ತ್ರವೈದ್ಯರು ಕ್ಯಾನ್ಸರ್ ತಗುಲಿದ ಒಂದು ಇಡೀ ಶ್ವಾಸಕೋಶವನ್ನೇ ತೆಗೆದು ರೋಗಿಯನ್ನು ಬದುಕಿಸಿದರು. ಸಿಗರೇಟಿಗೂ ಈ ಕಾಯಿಲೆಗೂ ಇರುವ ನಂಟನ್ನು 1950ರಲ್ಲಿ ಎರ್ನ್‌ಸ್ಟ್ ವಿಂಡರ್ ಜೊತೆ ತೋರಿಸಿಕೊಟ್ಟವರೂ ಅವರೇ. ಸ್ವತಃ ಸಿಗರೇಟು ಸೇದುತ್ತಿದ್ದ ಅವರು ಕೊನೆಗೆ ಬಿಟ್ಟರು. ಆದರೂ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ಒಂದೇ ಶ್ವಾಸಕೋಶ ಉಳಿದಿದ್ದ ಅವರ ರೋಗಿ ಅವರಿಗಿಂತ ಹೆಚ್ಚು ಕಾಲ ಬದುಕಿದ. ಇಲ್ಲಿ ಯಾರಿಗೆ ಎಷ್ಟು ಅಂಕ ಕೊಡೋಣ, ನೀವೇ ಹೇಳಿ.

ಹಾಗಾದರೆ ಬೀಡಿ ಸಿಗರೇಟನ್ನು ಬೈಯಲೇಬಾರದೇ ಎಂದು ನೀವು ಕೇಳಬಹುದು. ಖಂಡಿತ ಬೈಯಬೇಕು. ಈ ಕಾಯಿಲೆಗೆ ದೊಡ್ಡ ಕಾರಣ ಹೊಗೆಸೊಪ್ಪೇ. ಆಪರೇಷನ್ ಆದಮೇಲೆ ಬಿಟ್ಟರೂ ಅನುಕೂಲವಿದೆ ಎಂದು ಡಾಕ್ಟರುಗಳು ಹೇಳುತ್ತಾರೆ. ನನ್ನ ಹತ್ತನೇ ತರಗತಿಯ ಹುಡುಗರಿಗೆ ನಾನು ಮೊದಲಿಗಿಂತ ಗಟ್ಟಿಯಾಗಿ ಹೇಳುತ್ತೇನೆ. ಆದರೆ ಕಾರಣ ಹುಡುಕುವುದು ಬೇರೆ, ತಪ್ಪು ಹೊರಿಸುವುದು ಬೇರೆ. ಕಾರಣ ಹುಡುಕುವುದರಿಂದ ಮುಂದಿನವರು ಉಳಿದುಕೊಳ್ಳಬಹುದು. ಮಲಗಿದವರ ಮೇಲೆ ತಪ್ಪು ಹೊರಿಸಿದರೆ ಯಾರೂ ಉಳಿಯುವುದಿಲ್ಲ. ಎಷ್ಟೋ ಜನ ನಾಚಿಕೆಯಿಂದಲೇ ಕೆಮ್ಮನ್ನು ಮುಚ್ಚಿಟ್ಟುಕೊಳ್ಳುತ್ತಾರೆ.

ಊರಿಗೆ ಬಂದ ಮೇಲೆ ಈ ಮಾತು ಇನ್ನೂ ಹತ್ತಿರ ಬಂತು. ಅಡಿಗೆಮನೆಯ ಅಟ್ಟದ ಮೇಲೆ ಹಳೆಯ ಊದುಗೊಳವೆ ಇನ್ನೂ ಇತ್ತು. ಸೌದೆಯ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂಬುದು ಈಗ ಎಲ್ಲರಿಗೂ ತಿಳಿದ ವಿಷಯ. 2016ರಲ್ಲಿ ಉಜ್ವಲ ಯೋಜನೆಯ ಗ್ಯಾಸು ಬಂದದ್ದೂ ಆ ಕಾರಣಕ್ಕೇ. ನನ್ನ ಗೆಡ್ಡೆಗೆ ಅದೇ ಕಾರಣ ಎಂದು ಯಾವ ಡಾಕ್ಟರೂ ಹೇಳಿಲ್ಲ, ಹೇಳಲು ಸಾಧ್ಯವೂ ಇಲ್ಲ. ಆದರೆ ತಪ್ಪಿತಸ್ಥರನ್ನು ಹುಡುಕಲೇಬೇಕು ಎಂದು ಹೊರಟರೆ ನಾನು ಹೋಗಿ ನಿಲ್ಲುವುದು ನನ್ನ ಅವ್ವನ ಮುಂದೆ. ಆ ಕೊಳವೆಯನ್ನು ನನ್ನ ಕೈಗೆ ಕೊಟ್ಟವಳು ಅವಳು. ಸ್ವಂತ ಕಣ್ಣು ಉರಿಯುತ್ತಿದ್ದರೂ ಮನೆಮಂದಿಗೆಲ್ಲ ಬಿಸಿ ರೊಟ್ಟಿ ತಟ್ಟಿಕೊಟ್ಟವಳು ಅವಳು. ಅವಳಿಗೆ ಒಲೆ ಇದ್ದಹಾಗೆ ಆ ಹೆಂಗಸಿಗೆ ಮಳೆ, ಚಳಿ, ತೋಟ. ಅವ್ವನನ್ನು ಕ್ಷಮಿಸುವ ಮಾತೇ ಬರುವುದಿಲ್ಲ ಎಂದಾದರೆ, ಇವರನ್ನು ಕ್ಷಮಿಸಲು ನಾನು ಯಾರು?

ನಮ್ಮ ಮನೆಯಿಂದ ದೋಣಿಗಲ್ ಸ್ಟೇಷನ್ನಿನ ದಾರಿ ಏರುದಾರಿ. ಮೊದಲ ತಿಂಗಳು ಆ ದಾರಿಯ ಮೊದಲ ಹಲಸಿನ ಮರಕ್ಕೆ ಹೋಗಿ ವಾಪಸು ಬರುತ್ತಿದ್ದೆ. ಮೂರು ತಿಂಗಳಿಗೆ, ಎರಡು ಕಡೆ ಕೂತು, ಸ್ಟೇಷನ್ ತಲುಪಿದೆ. ಈಗ ಒಂದು ಕಡೆ ಕೂರುತ್ತೇನೆ. ತರಗತಿಯಲ್ಲಿ ಪದ್ಯ ಓದುವಾಗ ಎರಡು ಸಾಲಿಗೆ ಉಸಿರು ಸಾಲದು. ಒಂದು ಸಾಲು ನಾನು, ಮುಂದಿನ ಸಾಲು ಮಕ್ಕಳು. ಸ್ಕ್ಯಾನಿನ ದಿನ ಹತ್ತಿರವಾದಾಗ ಭಯ ಬರುತ್ತದೆ. ಆಗ ತುಟಿ ಸಣ್ಣಗೆ ಮಾಡಿ, ಮೊದಲು ಬಿಡುತ್ತೇನೆ.

ಮೊನ್ನೆ ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಪರಿಚಯದವರೊಬ್ಬರು ಸಿಕ್ಕಿ, ಕೈ ಹಿಡಿದು, "ನಿಮ್ಮ ಮನೇಲಿ ಯಾರೂ ಸೇದಲ್ಲವಲ್ಲ, ಮತ್ತೆ ಹೇಗೆ ಬಂತು?" ಎಂದರು. ಹಳೆಯ ಉತ್ತರ ನಾಲಿಗೆಯ ತುದಿಯವರೆಗೂ ಬಂತು. ಅದನ್ನು ನುಂಗಿಕೊಂಡು, "ಬಂತು. ಈಗ ಪರವಾಗಿಲ್ಲ" ಎಂದೆ.