ಹಬ್ಬದ ಎಲೆ ಎತ್ತುವುದು ಯಾವಾಗ?



ಗೋದಲಿ ಬಿಚ್ಚಿ, ಹುಲ್ಲನ್ನು ದನಕ್ಕೆ ಹಾಕಿ, ಬೊಂಬೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ್ದಾಯಿತು. ಬಾಗಿಲ ಮುಂದಿನ ನಕ್ಷತ್ರವೂ ಕೆಳಗಿಳಿಯಿತು. ಪ್ರಭುವಿನ ದೀಕ್ಷಾಸ್ನಾನದ ಹಬ್ಬದೊಂದಿಗೆ ಕ್ರಿಸ್ತಜಯಂತಿಯ ಕಾಲ ಮುಗಿದು, ಸಾಧಾರಣ ಕಾಲ ಆರಂಭವಾಗಿದೆ. ಗುರುಗಳ ಮೈಮೇಲೆ ಹಸಿರು ಪೂಜಾವಸ್ತ್ರ ಬಂದಿದೆ. ಆದರೆ ನಮ್ಮ ಅಡುಗೆಮನೆಗಳಲ್ಲಿ ಹಬ್ಬ ಇನ್ನೂ ಮುಗಿದಂತೆ ಕಾಣುವುದಿಲ್ಲ. ಕಜ್ಜಾಯದ ಡಬ್ಬ ಖಾಲಿಯಾಗುವ ಮೊದಲೇ ಹೊಸ ವರ್ಷದ ಕೇಕು ಬಂತು. ಅದರ ಹಿಂದೆಯೇ ನೆರೆಮನೆಯವರು ಪ್ರೀತಿಯಿಂದ ಕೊಟ್ಟ ಸಂಕ್ರಾಂತಿಯ ಎಳ್ಳು ಬೆಲ್ಲ, ಸಕ್ಕರೆ ಅಚ್ಚು. ನಡುವೆ ನೆಂಟರು, ಬಾಡೂಟ, ಅವರೆಕಾಯಿ ಕಾಲದ ಹಿತಕಿದ ಬೇಳೆ ಸಾರು. ಕೆಲವು ಮನೆಗಳಲ್ಲಿ ಬಾಟಲಿಯೂ. ದೇವಾಲಯದಲ್ಲಿ ಮುಗಿದ ಹಬ್ಬ ನಾಲಿಗೆಯ ಮೇಲೆ ಮುಗಿದಿಲ್ಲ. ಹಾಗಾದರೆ ಹಬ್ಬದ ಎಲೆ ಎತ್ತುವುದು ಯಾವಾಗ? ಈ ವಾರ ಇದೊಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಮೊದಲು ನನ್ನ ಮುಂದೆಯೇ ಇಟ್ಟುಕೊಂಡಿದ್ದೇನೆ. ಏಕೆಂದು ಮುಂದೆ ಹೇಳುತ್ತೇನೆ.

ಜೇನೂ ಕೋಟೆಯೂ

ಕೊರಟಗೆರೆ, ಮಧುಗಿರಿ ಕಡೆಯ ನಮ್ಮ ಮನೆಗಳು ಅಲ್ಲೊಂದು ಇಲ್ಲೊಂದು ಇವೆ. ಅವುಗಳನ್ನು ಆಶೀರ್ವದಿಸಲು ಹೋಗುವಾಗ ದಾರಿಯಲ್ಲಿ ಚನ್ನರಾಯನದುರ್ಗದ ಬೆಟ್ಟ ಕಾಣುತ್ತದೆ. ಮೇಲೆ ಹಳೆಯ ಕೋಟೆ. ಒಂದು ಕಾಲಕ್ಕೆ ಶತ್ರುಗಳನ್ನು ತಡೆದು ನಿಲ್ಲಿಸಿದ ಕೋಟೆಯ ಗೋಡೆ ಇಂದು ಅಲ್ಲಲ್ಲಿ ಕುಸಿದಿದೆ. ಯಾರು ಬೇಕಾದರೂ ಒಳಗೆ ಹೋಗಬಹುದು, ಹೊರಗೆ ಬರಬಹುದು. ಇನ್ನು ಮಧುಗಿರಿ ಎಂಬ ಹೆಸರಿನಲ್ಲೇ ಜೇನಿದೆ.

ಪವಿತ್ರ ಬೈಬಲಿನ ಜ್ಞಾನೋಕ್ತಿಗಳ ಗ್ರಂಥದ 25ನೆಯ ಅಧ್ಯಾಯವನ್ನು ತೆರೆದು ನೋಡಿ. ಈ ಎರಡೂ ಅಲ್ಲಿವೆ. ಜೇನು ಸಿಕ್ಕಿದರೆ ಬೇಕಾದಷ್ಟೇ ತಿನ್ನು, ಅತಿಯಾದರೆ ಕಕ್ಕಬೇಕಾದೀತು ಎಂದು 16ನೆಯ ವಚನ ಎಚ್ಚರಿಸುತ್ತದೆ. ಅದೇ ಅಧ್ಯಾಯದ ಕೊನೆಯ ವಚನವು ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳದವನನ್ನು ಗೋಡೆ ಬಿದ್ದ ಪಟ್ಟಣಕ್ಕೆ ಹೋಲಿಸುತ್ತದೆ. ಜೇನು ಕೆಟ್ಟದ್ದೆಂದು ದೇವರ ವಾಕ್ಯ ಹೇಳುವುದಿಲ್ಲ. ಅದು ದೇವರ ಕೊಡುಗೆಯೇ. ಆದರೆ ಆ ಜೇನನ್ನು ಸವಿಯುವವನಿಗೆ ಒಂದು ಗೋಡೆ ಬೇಕು, ಗೋಡೆಗೆ ಒಂದು ಬಾಗಿಲು ಬೇಕು, ಬಾಗಿಲನ್ನು ತೆರೆಯುವ ಮುಚ್ಚುವ ಶಕ್ತಿ ಮನೆಯ ಯಜಮಾನನ ಕೈಯಲ್ಲಿರಬೇಕು.

ಯೇಸುಸ್ವಾಮಿ ಉಂಡರು, ಉಣಿಸಿದರು

ನಮ್ಮ ಧರ್ಮ ಊಟವನ್ನು ಹಗೆಯಾಗಿ ಕಂಡ ಧರ್ಮವಲ್ಲ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಯೇಸುಸ್ವಾಮಿ ಆರು ಕಲ್ಲಿನ ಬಾನೆಗಳ ನೀರನ್ನು ದ್ರಾಕ್ಷಾರಸವಾಗಿ ಮಾಡಿದರು. ಸುಂಕದವರ ಮನೆಯಲ್ಲಿ ಕುಳಿತು ಉಂಡರು. ಅದಕ್ಕಾಗಿ ಹೊಟ್ಟೆಬಾಕ, ಕುಡುಕ ಎಂಬ ನಿಂದೆಯನ್ನೂ ಕೇಳಿದರು. ಯಾಯಿರನ ಮಗಳನ್ನು ಬದುಕಿಸಿದ ಕೂಡಲೇ ಅವರು ಹೇಳಿದ್ದು, ಮಗುವಿಗೆ ತಿನ್ನಲು ಏನಾದರೂ ಕೊಡಿ ಎಂದು. ಕೊನೆಗೆ ತಮ್ಮನ್ನೇ ನಮಗೆ ಕೊಡುವಾಗಲೂ ರೊಟ್ಟಿಯ ರೂಪದಲ್ಲಿ, ಪಂಕ್ತಿಯಲ್ಲಿ ಕೊಟ್ಟರು.

ಆದರೆ ಐದು ಸಾವಿರ ಜನ ಉಂಡು ತೃಪ್ತರಾದ ಮೇಲೆ ಅವರು ಏನು ಮಾಡಿದರು? ಇನ್ನಷ್ಟು ಬಡಿಸಲಿಲ್ಲ. ಉಳಿದ ಚೂರುಗಳನ್ನು ವ್ಯರ್ಥವಾಗದಂತೆ ಕೂಡಿಸಿ ಎಂದರು. ಅಲ್ಲಿಗೆ ಊಟ ಮುಗಿಯಿತು. ಮರುಭೂಮಿಯಲ್ಲಿ ಇಸ್ರಯೇಲರಿಗೆ ಮನ್ನ ದೊರೆತಾಗಲೂ ಹಾಗೆಯೇ. ಆಯಾ ದಿನಕ್ಕೆ ಬೇಕಾದಷ್ಟು ಮಾತ್ರ ಕೂಡಿಸಬೇಕಾಗಿತ್ತು. ಆಸೆಪಟ್ಟು ಮರುದಿನಕ್ಕೆ ಇಟ್ಟವರ ಪಾತ್ರೆಯಲ್ಲಿ ಹುಳು ಬಿತ್ತು. ಉಣ್ಣುವುದೂ ದೇವರ ಕೆಲಸ, ನಿಲ್ಲಿಸುವುದೂ ದೇವರ ಕೆಲಸ.

ಹೊಟ್ಟೆಬಾಕತನ ಎಂದರೆ ಏನು?

ಏಳು ಮೂಲಪಾಪಗಳಲ್ಲಿ ಹೊಟ್ಟೆಬಾಕತನವೂ ಒಂದೆಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ಆದರೆ ಪಾಪನಿವೇದನೆಗೆ ಬಂದವರು ಸುಳ್ಳು, ಜಗಳ, ಕೋಪಗಳನ್ನು ಹೇಳುತ್ತಾರೆಯೇ ಹೊರತು ಇದನ್ನು ಹೇಳುವವರು ಅಪರೂಪ. ಅದು ದಪ್ಪ ಮೈಯವರ ಪಾಪ ಎಂದು ನಾವು ತಿಳಿದಿರುವುದೇ ಇದಕ್ಕೆ ಕಾರಣ. ಸಂತ ಗ್ರೆಗರಿ ಜಗದ್ಗುರುಗಳ ಬೋಧನೆಯನ್ನು ಅನುಸರಿಸಿ ಸಂತ ತೋಮಸ್ ಅಕ್ವಿನಾಸರು ಇದಕ್ಕೆ ಐದು ಮುಖಗಳಿವೆ ಎನ್ನುತ್ತಾರೆ: ಹೊತ್ತಿಗೆ ಮೊದಲೇ ಉಣ್ಣುವುದು, ದುಬಾರಿಯಾದದ್ದೇ ಬೇಕೆನ್ನುವುದು, ಅಳತೆ ಮೀರಿ ಉಣ್ಣುವುದು, ಆತುರಪಟ್ಟು ಬಾಚುವುದು, ಇದು ಹೀಗೆಯೇ ಆಗಬೇಕೆಂದು ಅತಿ ನಾಜೂಕು ಮಾಡುವುದು. ಉಪ್ಪು ಕಡಿಮೆಯಾಯಿತೆಂದು ತಟ್ಟೆ ತಳ್ಳಿ, ಬೆಳಗಿನಿಂದ ಒಲೆಯ ಮುಂದೆ ಬೆಂದ ಹೆಂಡತಿಯನ್ನು ಬೈಯುವ ಗಂಡ ತೆಳ್ಳಗಿದ್ದರೂ ಈ ಪಟ್ಟಿಯಲ್ಲಿ ಸೇರುತ್ತಾನೆ. ಸಾಲ ಮಾಡಿಯಾದರೂ ನೆಂಟರ ಮುಂದೆ ಮಟನ್ ಬಿರಿಯಾನಿ ಮಾಡಲೇಬೇಕೆಂದು ಹಟ ಹಿಡಿಯುವ ಮನೆಯೂ ಸೇರುತ್ತದೆ.

ಹಾಗಾದರೆ ಸರಿಯಾದ ಅಳತೆ ಎಷ್ಟು? ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಅರಿಸ್ಟಾಟಲ್ ಕೊಟ್ಟ ಒಂದು ಉದಾಹರಣೆ ನನ್ನ ಮನಸ್ಸಿನಲ್ಲಿ ಉಳಿದಿದೆ. ಸದ್ಗುಣವು ಅತಿಗೂ ಕೊರತೆಗೂ ನಡುವೆ ಇರುತ್ತದೆ. ಆದರೆ ಆ ನಡು ಎಲ್ಲರಿಗೂ ಒಂದೇ ಅಲ್ಲ. ಮಿಲೊ ಎಂಬ ಜಟ್ಟಿಗೆ ಸಾಲದ ಊಟ ಗರಡಿಗೆ ಹೊಸದಾಗಿ ಬಂದ ಹುಡುಗನಿಗೆ ಅತಿಯಾಗುತ್ತದೆ. ಕಡಲೆಕಾಯಿ ಹೊಲದಲ್ಲಿ ದಿನವಿಡೀ ಬಗ್ಗಿ ದುಡಿಯುವವನ ಎರಡು ಮುದ್ದೆ ಕುರ್ಚಿಯಲ್ಲಿ ಕುಳಿತು ದುಡಿಯುವವನಿಗೆ ಅತಿಯೇ. ಇದು ಜಾಣ ಮಾತು. ಆದರೆ ಇದರ ಪೂರ್ಣ ಅರ್ಥ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಈ ಜನವರಿಯಲ್ಲಿ ಒಬ್ಬ ತಾಯಿಯಿಂದ.

ನನ್ನ ಗ್ಲಾಸು

ಡಿಸೆಂಬರ್ 31ರ ರಾತ್ರಿಯ ಕೃತಜ್ಞತಾ ಬಲಿಪೂಜೆಯ ನಂತರ ಒಂದು ಮನೆಗೆ ಊಟಕ್ಕೆ ಕರೆದಿದ್ದರು. ಆ ಮನೆಯವರ ಒಪ್ಪಿಗೆ ಪಡೆದು, ಹೆಸರು ಊರು ಹೇಳದೆ ಇದನ್ನು ಬರೆಯುತ್ತಿದ್ದೇನೆ. ಮನೆಯ ಹಿರಿಯರು "ಹಬ್ಬ ಅಲ್ವಾ ಫಾದರ್, ಒಂದೇ ಒಂದು" ಎಂದು ಗ್ಲಾಸು ಮುಂದಿಟ್ಟರು. ಬೇಡವೆಂದರೆ ಬೇಸರವಾದೀತು ಎಂದುಕೊಂಡು ತೆಗೆದುಕೊಂಡೆ. ಒಂದೇ ಗ್ಲಾಸು. ನನಗೆ ಏನೂ ಆಗಲಿಲ್ಲ. ಹರಸಿ ಹೊರಟು ಬಂದೆ.

ಸಂಕ್ರಾಂತಿ ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಆ ಮನೆಯ ತಾಯಿ ಪೂಜಾ ಸಾಮಗ್ರಿ ಕೋಣೆಯ ಬಾಗಿಲಲ್ಲಿ ನಿಂತಿದ್ದರು. "ನಿಮ್ ಮೇಲೆ ದೂರಲ್ಲ ಸ್ವಾಮಿ. ಮಗ ಎಂಟು ತಿಂಗ್ಳಿಂದ ಮುಟ್ಟಿರ್ಲಿಲ್ಲ. ಅವತ್ತು ರಾತ್ರಿ ‘ಫಾದರ್ರೇ ತಗಂಡ್ರು, ನಂದೇನು’ ಅಂದ. ಆಮೇಲೆ ನಿಲ್ಲಿಸ್ಲೇ ಇಲ್ಲ" ಎಂದರು. ಕಡಲೆಕಾಯಿ ಮಾರಿ ಮೊಮ್ಮಗಳ ಶಾಲೆಯ ಫೀಸಿಗೆಂದು ತೆಗೆದಿಟ್ಟ ಹಣವೂ ಅದರಲ್ಲೇ ಹೋಗಿತ್ತು. ಅವರು ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಟರು.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 8ನೆಯ ಅಧ್ಯಾಯದ ಮೇಲೆ ನಾನು ಎಷ್ಟು ಬಾರಿ ಬೋಧಿಸಿದ್ದೇನೋ! ನಾನು ತಿನ್ನುವ ಪದಾರ್ಥದಿಂದ ನನ್ನ ಸಹೋದರ ಎಡವುವುದಾದರೆ ಅದನ್ನು ಎಂದೆಂದಿಗೂ ಮುಟ್ಟೆನು ಎಂಬುದು ಅಲ್ಲಿಯ ಸಾರಾಂಶ. ತಿನ್ನುವುದು ಪಾಪವೇ ಅಲ್ಲವೇ ಎಂಬುದು ಪೌಲರ ಮುಖ್ಯ ಪ್ರಶ್ನೆಯಲ್ಲ. ಪಕ್ಕದಲ್ಲಿ ಕುಳಿತವನು ಯಾರು ಎಂಬುದೇ ಅವರ ಪ್ರಶ್ನೆ. ಅಂದು ರಾತ್ರಿ ನಾನು ನನ್ನ ಅಳತೆಯನ್ನಷ್ಟೇ ನೋಡಿಕೊಂಡೆ. ಪಕ್ಕದಲ್ಲಿದ್ದ ಆ ಯುವಕನ ಅಳತೆ ಸೊನ್ನೆ ಎಂಬುದು ನನಗೆ ಹೊಳೆಯಲಿಲ್ಲ. ಅರಿಸ್ಟಾಟಲ್ ಹೇಳಿದ ನಡು ಪ್ರತಿಯೊಬ್ಬನಿಗೂ ಬೇರೆ ಬೇರೆ. ಕ್ರಿಸ್ತರ ಶಿಷ್ಯನಾದರೋ ತನ್ನ ನಡುವನ್ನು ಬಲಹೀನ ಸಹೋದರನ ಪಕ್ಕದಲ್ಲಿ ನಿಂತು ಗುರುತಿಸಬೇಕು.

ಮರುದಿನ ಹೋಗಿ ಆ ಯುವಕನಲ್ಲಿ ಕ್ಷಮೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನಿಮ್ದೇನೂ ತಪ್ಪಿಲ್ಲ ಫಾದರ್. ನಾನು ನಿಮ್ಮನ್ನ ನೆಪ ಮಾಡ್ಕಂಡೆ" ಎಂದ. ಅವನ ಮಾತು ಅವನ ಮಟ್ಟಿಗೆ ಸತ್ಯ. ಆದರೆ ನೆಪವಾಗಿ ಸಿಕ್ಕಿದವನು ನಾನು ಎಂಬುದೂ ಸತ್ಯ. ಅಂದಿನಿಂದ ಯಾವ ಮನೆಯಲ್ಲೂ ಗ್ಲಾಸು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ದಯವಿಟ್ಟು ಯಾರೂ ಒತ್ತಾಯ ಮಾಡಬೇಡಿ.

ದೇಹವೂ ಲೆಕ್ಕ ಇಡುತ್ತದೆ

ದೇಹ ಪವಿತ್ರಾತ್ಮರ ಆಲಯವೆಂದು ನಂಬುವ ನಾವು ದೇಹ ಹೇಳುವುದನ್ನೂ ಕೇಳಬೇಕು. 2000ನೇ ಇಸವಿಯಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 195 ಜನರ ತೂಕವನ್ನು ಹಬ್ಬದ ಕಾಲದ ಹಿಂದೆ ಮುಂದೆ ನೋಡಿದರು. ಸರಾಸರಿ ಏರಿಕೆ ಅರ್ಧ ಕಿಲೋಗಿಂತಲೂ ಕಡಿಮೆ. ಆದರೆ ಏರಿದ್ದು ಮುಂದಿನ ತಿಂಗಳುಗಳಲ್ಲಿ ಇಳಿಯಲಿಲ್ಲ. ಹಬ್ಬ ಹೋಗುತ್ತದೆ, ತೂಕ ಉಳಿಯುತ್ತದೆ. ಹತ್ತು ಹಬ್ಬಕ್ಕೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆ 2023ರಲ್ಲಿ ತಿಳಿಸಿತು. ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಟೀ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ನಿಪ್ಪಟ್ಟುಗಳೂ ಅದರಲ್ಲೇ ಸೇರಬೇಕು. ಮದ್ಯಕ್ಕೆ ಸುರಕ್ಷಿತವಾದ ಪ್ರಮಾಣ ಎಂಬುದೇ ಇಲ್ಲವೆಂದು ಅದೇ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಹಬ್ಬದ ದಿನಗಳಲ್ಲಿ ವಿಪರೀತ ಕುಡಿದವರ ಹೃದಯದ ಬಡಿತ ತಾಳ ತಪ್ಪುವುದನ್ನು ವೈದ್ಯರು 1978ರಲ್ಲೇ ಗುರುತಿಸಿದ್ದರು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕುಡಿತ ನಿಂತಿತೇ? ಪ್ಯಾಕೆಟ್ಟು ಬದಲಾಯಿತು, ಅಷ್ಟೇ. ಕಾನೂನು ಅಂಗಡಿಯ ಬಾಗಿಲು ಮುಚ್ಚಿಸಬಲ್ಲದು. ಬಿದ್ದ ಒಳಗೋಡೆಯನ್ನು ಕಟ್ಟುವ ಕೆಲಸ ಕೃಪೆಯದು, ನಮ್ಮದು. ಪಾವಗಡ, ಮಧುಗಿರಿ, ಶಿರಾ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಒಂದು ಕ್ಯಾನ್ ಶುದ್ಧ ನೀರಿಗಾಗಿ ಘಟಕದ ಮುಂದೆ ಕಾಯುವ ಜನ ನಾವು. ಕುಡಿಯುವ ನೀರಿನ ಬೆಲೆ ಬಲ್ಲ ನಾವೇ ನೂರಾರು ರೂಪಾಯಿ ಕೊಟ್ಟು ವಿಷ ಕುಡಿಯುವುದೇ?

ಇಂದಿನಿಂದಲೇ ಏನು ಮಾಡಬಹುದು?

ತಪಸ್ಸು ಕಾಲಕ್ಕೆ ಇನ್ನೂ ಕೆಲವು ವಾರಗಳಿವೆ. ವಿಭೂತಿ ಬುಧವಾರ ಬರಲಿ ಎಂದು ಕಾಯುವುದು ಬೇಡ.

ಮೊದಲನೆಯದಾಗಿ, ಉಳಿದಿರುವ ಸಿಹಿಯನ್ನು ಮುಗಿಸುವುದೇ ಧರ್ಮವೆಂದು ತಿಳಿಯಬೇಡಿ. ಕೆಡುವ ಮೊದಲೇ, ಚೆನ್ನಾಗಿರುವಾಗಲೇ ಹಬ್ಬ ಕಾಣದ ಮನೆಗೆ ಕೊಡಿ. ಎರಡನೆಯದಾಗಿ, ಊಟಕ್ಕೆ ಮೊದಲು ಪ್ರಾರ್ಥನೆ ಹೇಳುವಂತೆ ಊಟವಾದ ಮೇಲೂ ಹೇಳಿ. ಮೊದಲ ಪ್ರಾರ್ಥನೆ ಎಲೆ ಹಾಕಲು, ಎರಡನೆಯದು ಎಲೆ ಎತ್ತಲು. ಮೂರನೆಯದಾಗಿ, ಶುಕ್ರವಾರವನ್ನು ಮನೆಗೆ ಮರಳಿ ತನ್ನಿ. ವರ್ಷದ ಎಲ್ಲ ಶುಕ್ರವಾರಗಳೂ ಪ್ರಾಯಶ್ಚಿತ್ತದ ದಿನಗಳೆಂದು ಧರ್ಮಸಭೆಯ ಕಾನೂನು ಸಂಹಿತೆಯ 1250ನೆಯ ವಿಧಿ ನೆನಪಿಸುತ್ತದೆ. ಅಂದು ಮುದ್ದೆ, ಸೊಪ್ಪಿನ ಸಾರು ಸಾಕು. ಉಳಿದ ಹಣವನ್ನು ಒಂದು ಡಬ್ಬಿಗೆ ಹಾಕಿ ಬಡವರಿಗೆ ಕೊಡಿ. ಇಲ್ಲದಿದ್ದರೆ ಅದು ಉಪವಾಸವಲ್ಲ, ಬರೀ ಉಳಿತಾಯ. ನಾಲ್ಕನೆಯದಾಗಿ, ತಟ್ಟೆಯ ಮುಂದೆ ಟಿ.ವಿ., ಮೊಬೈಲು ಬೇಡ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣಿ. ಬಡಿಸುವ ಅಮ್ಮನೂ ಕುಳಿತುಕೊಳ್ಳಲಿ.

ಕುಡಿತದ ಕಟ್ಟಿಗೆ ಸಿಕ್ಕಿದವರಿಗೆ ಒಂದು ಮಾತು. ಇದು ಕಾಯಿಲೆ, ನಾಚಿಕೆಪಟ್ಟು ಅಡಗಿಸಬೇಡಿ. ಬಹಳ ಕಾಲದಿಂದ ವಿಪರೀತ ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬರಬಹುದು. ಆದ್ದರಿಂದ ವೈದ್ಯರ ನೆರವಿನಿಂದಲೇ ನಿಲ್ಲಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ನಮ್ಮ ರಾಜ್ಯದಲ್ಲೂ ಇವೆ, ಸೇರಲು ಶುಲ್ಕವಿಲ್ಲ. ಮನೆಯವರು ಹಂಗಿಸುವುದು ಬೇಡ, ಮುಚ್ಚಿಡುವುದೂ ಬೇಡ. ನೆಂಟರೇ, ಬೇಡವೆಂದವನಿಗೆ ಎರಡನೆಯ ಸಲ ಒತ್ತಾಯ ಮಾಡುವುದು ಉಪಚಾರವಲ್ಲ.

ಪ್ರಿಯರೇ, ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಹೇಳಿದರು. ಊಟ ಬಲ್ಲವನು ತನ್ನ ಹೊಟ್ಟೆಯನ್ನು ಮಾತ್ರವಲ್ಲ, ಪಂಕ್ತಿಯಲ್ಲಿ ಪಕ್ಕ ಕುಳಿತವನ ಮುಖವನ್ನೂ ಬಲ್ಲನು. ಮುಂದಿನ ಭಾನುವಾರ ಪರಮಪ್ರಸಾದಕ್ಕೆ ಬರುವಾಗ ಗಮನಿಸಿ: ಅಲ್ಲಿ ಸಿರಿವಂತನಿಗೂ ಬಡವನಿಗೂ ಸಿಗುವುದು ಒಂದೇ ಚಿಕ್ಕ ರೊಟ್ಟಿ. ಅಷ್ಟರಲ್ಲೇ ಪೂರ್ಣ ಕ್ರಿಸ್ತರು.

ಆ ಯುವಕ ಈಗ ಮತ್ತೆ ಚಿಕಿತ್ಸೆಗೆ ಹೋಗುತ್ತಿದ್ದಾನೆ. ನಾನು ಇದನ್ನು ಬರೆಯುವ ಹೊತ್ತಿಗೆ ಹನ್ನೊಂದು ದಿನವಾಯಿತು. ಹನ್ನೆರಡನೆಯ ದಿನಕ್ಕಾಗಿ ನಿಮ್ಮ ಮನೆಯ ಸಂಜೆಯ ಜಪಮಾಲೆಯಲ್ಲಿ ಒಂದು ನಮೋ ಮರಿಯಾ ಹೇಳಿ. ಹೆಸರು ಬೇಡ, ದೇವರಿಗೆ ಗೊತ್ತಿದೆ.