ಕೊಟ್ಟ ಮಾತು ಯಾರದು?

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡಲು ಹೊರಗೆ ಬಂದವಳು ಹಾಗೇ ನಿಂತುಬಿಟ್ಟೆ. ಗೇಟಿನೊಳಗಿದ್ದ ನಮ್ಮ ಕಾರು ಮುಂದಿನ ಎಡಗಾಲು ಮಡಚಿಕೊಂಡು ಕೂತಿತ್ತು. ಉಳಿದ ಮೂರು ಮೂಲೆ ಎತ್ತರದಲ್ಲಿವೆ, ಆ ಒಂದು ಮೂಲೆ ಮಾತ್ರ ಚಕ್ರದ ಮೇಲೆ ಕುಸಿದಿದೆ. ನನ್ನ ಹಿಂದೆಯೇ ಬಂದ ಅತ್ತೆಯವರು ಒಂದು ಗಳಿಗೆ ನೋಡಿ, "ಏಳಾಕೆ ಒಲ್ಲೆ ಅಂತೈತಲ್ಲವ್ವಾ ಈ ಎಮ್ಮೆ" ಎಂದರು. ನನಗೆ ನಗು ಬಂತು. ಅದರ ಬೆಲೆ ನೆನಪಾಗಿ ನಗು ಅರ್ಧಕ್ಕೇ ನಿಂತಿತು.

ಬೆಲೆ 62 ಲಕ್ಷ. ಬರೆಯಲೇ ಸಂಕೋಚವಾಗುತ್ತದೆ. ಗ್ಯಾಸು ಎರಡು ದಿನ ತಡವಾದರೆ ಪರದಾಡುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಅವರ ಮುಂದೆ ಹೋಗಿ 62 ಲಕ್ಷದ ಕಾರಿನ ಗೋಳು ತೋಡಿಕೊಂಡರೆ ಯಾರು ಕೇಳುತ್ತಾರೆ? ಕೇಳಿದರೂ ಒಳಗೊಳಗೇ ನಗುತ್ತಾರೆ, ಮತ್ತು ಆ ನಗುವಿನಲ್ಲಿ ತಪ್ಪೇನಿಲ್ಲ. ನಾನೇ ಅವರ ಜಾಗದಲ್ಲಿದ್ದರೆ ನಗುತ್ತಿದ್ದೆ.

ನಮ್ಮನೆಯವರು ದಾವಣಗೆರೆಯಲ್ಲಿ ಮಿಕ್ಸಿ, ಗ್ರೈಂಡರ್, ಫ್ಯಾನು ಮಾರುವ ಅಂಗಡಿ ಇಟ್ಟದ್ದು 1988ರಲ್ಲಿ. ಮೂವತ್ತು ವರ್ಷ ಒಂದೇ ಸ್ಕೂಟರಿನ ಮೇಲೆ ಓಡಾಡಿದ ಮನುಷ್ಯ. ಹೈವೇ ಪಕ್ಕದಲ್ಲಿ ಯಾವಾಗಲೋ ಕೊಂಡಿದ್ದ ಸೈಟಿಗೆ ಕನಸಿನಲ್ಲೂ ಎಣಿಸದ ಬೆಲೆ ಬಂದಾಗ, ಜೀವಮಾನದಲ್ಲಿ ಒಂದೇ ಒಂದು ಆಸೆಯನ್ನು ಬಾಯಿಬಿಟ್ಟು ಹೇಳಿದರು. ನಾನು ಬೇಡವೆನ್ನಲಿಲ್ಲ. 2023ರ ಆಗಸ್ಟಿನಲ್ಲಿ ಬೆಂಗಳೂರಿನ ದೊಡ್ಡ ಷೋರೂಮಿನವರು ರೇಷ್ಮೆ ಬಟ್ಟೆ ಹೊದಿಸಿಟ್ಟಿದ್ದ ಕಾರಿನ ಮುಂದೆ ನಮ್ಮಿಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದರು, ಕೇಕು ಕತ್ತರಿಸಿದರು. "ಮೂರು ವರ್ಷ ನೀವು ಏನೂ ಯೋಚನೆ ಮಾಡಬೇಕಾಗಿಲ್ಲ ಸಾರ್" ಎಂದರು. ಆ ಮಾತನ್ನು ನಾನು ಈಗಲೂ ಅಕ್ಷರಕ್ಕಕ್ಷರ ಹೇಳಬಲ್ಲೆ.

ಏಳು ತಿಂಗಳಿಗೆ ಎಮ್ಮೆ ಕೂರತೊಡಗಿತು. ಸಾಮಾನ್ಯ ಕಾರಿನಲ್ಲಿ ಚಕ್ರದ ಮೇಲೆ ಉಕ್ಕಿನ ಸ್ಪ್ರಿಂಗ್ ಇರುತ್ತದಂತೆ. ಇದರಲ್ಲಿ ಅದರ ಬದಲು ಗಾಳಿ ತುಂಬಿದ ರಬ್ಬರಿನ ಚೀಲಗಳು, ಅವಕ್ಕೆ ಗಾಳಿ ಊದಲು ಒಂದು ಕಂಪ್ರೆಸರ್. ಚೀಲ ಎಲ್ಲಾದರೂ ಸೋರಿದರೆ ರಾತ್ರಿಯೆಲ್ಲ ಗಾಳಿ ಇಳಿದು ಬೆಳಗಿನ ಹೊತ್ತಿಗೆ ಆ ಮೂಲೆ ಕೂತಿರುತ್ತದೆ. ಎಂಜಿನ್ ಚಾಲೂ ಮಾಡಿದರೆ ಕಂಪ್ರೆಸರ್ ಏದುಸಿರು ಬಿಡುತ್ತ ಮತ್ತೆ ಎತ್ತಿ ನಿಲ್ಲಿಸುತ್ತದೆ. ಹೀಗೆ ದಿನಾ ದುಡಿದು ದುಡಿದು ಕೊನೆಗೆ ಅದೂ ಸುಟ್ಟುಹೋಗುತ್ತದೆ. ತಮಾಷೆ ಏನೆಂದರೆ, ಸುಮಾರು 260 ಕಿಲೋಮೀಟರ್ ಓಡಿ ಬೆಂಗಳೂರಿನ ವರ್ಕ್‌ಷಾಪು ಮುಟ್ಟುವಾಗ ಕಾರು ನೆಟ್ಟಗೆ ನಿಂತಿರುತ್ತದೆ. ರಾತ್ರಿಯೆಲ್ಲ ಕೆಮ್ಮಿದ ಮಗು ಡಾಕ್ಟರ ಮುಂದೆ ಸುಮ್ಮನೆ ಕೂರುವುದಿಲ್ಲವೇ, ಹಾಗೆ.

ಮೊದಲ ಸಲ ಹನ್ನೊಂದು ದಿನ ಇಟ್ಟುಕೊಂಡು "ದೋಷ ಕಾಣಲಿಲ್ಲ" ಎಂದು ಬರೆದು ಕೊಟ್ಟರು. ಎರಡನೆಯ ಸಲ ಕಂಪ್ಯೂಟರಿನಲ್ಲಿ ಏನೋ ತಿದ್ದಿದರು. ಮೂರನೆಯ ಸಲ, 2024ರ ಡಿಸೆಂಬರಿನಲ್ಲಿ, ಸೋರುತ್ತಿರುವುದು ನಿಜ ಎಂದು ಒಪ್ಪಿಕೊಂಡರು. ಆದರೆ ಅದು ರಸ್ತೆಯ ಗುಂಡಿಯಲ್ಲಿ ಬಿದ್ದ ಪೆಟ್ಟು, ಹೊರಗಿನ ಕಾರಣ, ವಾರಂಟಿಗೆ ಸೇರುವುದಿಲ್ಲ, ರಿಪೇರಿಗೆ 2 ಲಕ್ಷ 40 ಸಾವಿರ ಆಗುತ್ತದೆ ಎಂದರು. ಗುಂಡಿಯಿಲ್ಲದ ರಸ್ತೆ ಯಾವ ಊರಿನಲ್ಲಿದೆ ಎಂದು ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಇಲ್ಲಿ ಹಳೇ ಪೇಟೆಯಲ್ಲಿ ನಮಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಒಂದು ಸಂಜೆ ಬಂದು, ಸೋಪಿನ ನೀರನ್ನು ಆ ಚೀಲದ ಸುತ್ತ ಚಿಮುಕಿಸಿದರು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಹಾಗೆ. ಐದು ನಿಮಿಷಕ್ಕೆ ಒಂದು ಜೋಡಣೆಯ ಬಳಿ ಸಣ್ಣ ಗುಳ್ಳೆಗಳು ಎದ್ದವು. "ಪೆಟ್ಟು ಬಿದ್ದ ಗುರುತೇ ಇಲ್ಲ ಅಕ್ಕಾ, ಜಾಯಿಂಟೇ ಸಡಿಲ. ಆದ್ರೆ ನಾನು ಕೈ ಹಾಕಲ್ಲ, ಹಾಕಿದ್ರೆ ನಿಮ್ಮ ಗ್ಯಾರಂಟಿ ಹೋಗ್ತದೆ" ಎಂದು ಕೈ ಒರೆಸಿಕೊಂಡು ಎದ್ದರು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೋಷ ಎಲ್ಲಿದೆ ಎಂದು ಗೊತ್ತು, ಸರಿಮಾಡಬಲ್ಲ ಕೈ ಊರಲ್ಲೇ ಇದೆ, ಕೊಡಲು ದುಡ್ಡೂ ಇದೆ. ತಡೆದು ನಿಲ್ಲಿಸಿರುವುದು ನಮಗೆ ಕೊಟ್ಟ ಮಾತೇ! ನಮ್ಮ ಕನ್ನಡದಲ್ಲಿ ಆಡುವ ನುಡಿಗೂ ಭಾಷೆ ಎನ್ನುತ್ತೇವೆ, ಕೊಡುವ ವಚನಕ್ಕೂ ಭಾಷೆ ಎನ್ನುತ್ತೇವೆ. ಚಿಕ್ಕಂದಿನಿಂದ ಗೋವಿನ ಹಾಡು ಕೇಳಿ ಬೆಳೆದವರು ನಾವು. ಪುಣ್ಯಕೋಟಿ ಮಾತಿಗೆ ತಪ್ಪದೆ ಮರಳಿ ಬಂದದ್ದನ್ನು ನೆನೆದು ಕಣ್ಣೀರು ಹಾಕದ ಹೆಣ್ಣುಮಕ್ಕಳು ಕಡಿಮೆ. ಆದರೆ ಹುಲಿಯ ಬಗ್ಗೆ ಯಾರಾದರೂ ಯೋಚಿಸಿದ್ದೇವೆಯೇ? ಹಸಿದ ಹುಲಿ ಕೈಗೆ ಸಿಕ್ಕಿದ್ದನ್ನು ಬರಿಯ ಮಾತಿನ ಮೇಲೆ ಬಿಟ್ಟು ಕಾದು ಕೂತಿತ್ತು. ಮಾತು ಕೊಟ್ಟವರು ಹೊರುವ ಭಾರವನ್ನಷ್ಟೇ ನಾವು ಹಾಡುತ್ತೇವೆ. ಮಾತು ನಂಬಿದವರೂ ತಮ್ಮ ಕೈಯಲ್ಲಿರುವುದನ್ನು ಬಿಟ್ಟುಕೊಟ್ಟಿರುತ್ತಾರೆ ಎಂಬುದು ಗುಹೆಯ ಬಾಗಿಲಲ್ಲಿ ಕೂತಾಗ ತಿಳಿಯುತ್ತದೆ.

ಇನ್ನೊಂದು ವ್ಯತ್ಯಾಸವಿದೆ. ಪುಣ್ಯಕೋಟಿ ತಾನೇ ಮಾತು ಕೊಟ್ಟಿತ್ತು, ತಾನೇ ನಡೆದು ಬಂತು. ನಮಗೆ ಮಾತು ಕೊಟ್ಟವರು ಯಾರು? ಕೇಕು ಕತ್ತರಿಸಿದ ಹುಡುಗ ಕೆಲಸ ಬಿಟ್ಟು ಬೇರೆ ಕಡೆ ಹೋಗಿದ್ದ. ಷೋರೂಮಿನವರು "ನಾವು ಮಾರುವವರು, ವಾರಂಟಿ ಕಂಪೆನಿಯದು" ಎನ್ನುತ್ತಾರೆ. ಕಂಪೆನಿಗೆ ಬರೆದರೆ "ನಿಮ್ಮ ಡೀಲರನ್ನು ಸಂಪರ್ಕಿಸಿ" ಎಂಬ ಉತ್ತರ. ಇವರೆಲ್ಲರ ನಡುವೆ ನಮಗೆ ಸಿಗುವ ಒಂದೇ ಮುಖವೆಂದರೆ ಸರ್ವಿಸ್ ಕೌಂಟರಿನಲ್ಲಿ ಕೂರುವ ಒಬ್ಬಳು ಹುಡುಗಿ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ನಮ್ಮ ಕಡೆಯದೇ ಮಾತು. ಪ್ರತಿ ಸಲ ನೀರು ತಂದುಕೊಟ್ಟು ಕೂರಿಸುವವಳು.

ಮೂರನೆಯ ಸಲ ಅವಳು ಆ ಕಾಗದವನ್ನು ನನ್ನ ಮುಂದೆ ಇಟ್ಟಾಗ ನನಗೆ ಏನಾಯಿತೋ. ಸುತ್ತ ಜನ ಕೂತಿದ್ದರು. ನಾನು ಎದ್ದು ನಿಂತು, "ನಿಮ್ಮಪ್ಪ ಬೆವರು ಸುರಿಸಿ ದುಡಿದ ದುಡ್ಡಾಗಿದ್ದರೆ ಹೀಗೇ ಹೇಳ್ತಿದ್ದೆಯಾ? ಸುಳ್ಳು ಹೇಳೋಕೆ ಸಂಬಳ ತಗೋತೀಯಾ?" ಎಂದುಬಿಟ್ಟೆ. ಅವಳ ಕಣ್ಣು ತುಂಬಿ ಬಂದವು. ಆದರೂ ದನಿ ಏರಿಸದೆ, "ಮೇಡಂ, ನಾನು ಬರೆದು ಕಳಿಸ್ತೀನಿ ಅಷ್ಟೇ. ಅಲ್ಲಿ ಬೇಡ ಅಂದವರನ್ನ ನಾನೂ ನೋಡಿಲ್ಲ" ಎಂದಳು.

ಊರಿಗೆ ಮರಳುವ ದಾರಿಯಲ್ಲಿ ಇವರು ತುಮಕೂರು ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ, "ಆ ಹುಡುಗಿಗೆ ಹಾಗನ್ನಬಾರದಿತ್ತು" ಎಂದರು. "ನೀವು ಯಾಕೆ ಸುಮ್ಮನಿದ್ದಿರಿ ಮತ್ತೆ?" ಎಂದೆ. "ನಾನು ಮೂವತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತವನಲ್ಲವೇನೇ" ಎಂದರು.

ಅಲ್ಲಿಂದ ನನ್ನ ಮನಸ್ಸು 1994ಕ್ಕೆ ಹೋಯಿತು. ಆಗ ಮಧ್ಯಾಹ್ನದ ಹೊತ್ತು ಅಂಗಡಿಯಲ್ಲಿ ನಾನೇ ಕೂರುತ್ತಿದ್ದೆ. ಚಟ್ನಿಪುಡಿ ಮಾಡಿ ಮನೆಮನೆಗೆ ಮಾರುತ್ತಿದ್ದ ಒಬ್ಬ ಹೆಂಗಸು ನಮ್ಮಲ್ಲಿ ಮಿಕ್ಸಿ ಕೊಂಡಿದ್ದಳು. ನಾಲ್ಕು ತಿಂಗಳಿಗೆ ಮೋಟರು ಸುಟ್ಟಿತು. ಕಾರ್ಡಿನಲ್ಲಿ ಒಂದು ವರ್ಷದ ಗ್ಯಾರಂಟಿ ಇತ್ತು. ಕಂಪೆನಿಗೆ ಕಳಿಸಿದೆವು. ಅತಿಯಾಗಿ ಬಳಸಿದ್ದರಿಂದ ಸುಟ್ಟಿದೆ, ಗ್ಯಾರಂಟಿಗೆ ಸೇರದು ಎಂದು ವಾಪಸು ಬಂತು. ನಾನು ಅದನ್ನು ಅವಳಿಗೆ ಹೇಳಲೂ ಇಲ್ಲ. "ಕಂಪೆನಿಯಿಂದ ಇನ್ನೂ ಬಂದಿಲ್ಲ, ಮುಂದಿನ ವಾರ ನೋಡೋಣ" ಎನ್ನುತ್ತಿದ್ದೆ. ಮಿಕ್ಸಿ ನನ್ನ ಕುರ್ಚಿಯ ಹಿಂದೆಯೇ ಇತ್ತು. ಐದು ಸಲ ಬಂದಳು. ಐದನೆಯ ಸಲ ಜೋರು ಮಾಡಿದಳು. ನಾನೂ ಜೋರು ಮಾಡಿದೆ. ಆರನೆಯ ಸಲ ಬರಲಿಲ್ಲ. ಆಗ ನನಗೆ ಆದದ್ದು ನಿರಾಳ, ಅದನ್ನು ಮುಚ್ಚಿಡುವುದಿಲ್ಲ.

ಗ್ರಾಹಕರ ಕಾನೂನು 1986ರಿಂದಲೇ ಇತ್ತು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವಾದರೂ ಕೊಂಡವರು ಗ್ರಾಹಕರೇ ಎಂದು 1993ರಲ್ಲಿ ಸ್ಪಷ್ಟಪಡಿಸಿದ್ದರು. ಅಂದರೆ ಚಟ್ನಿಪುಡಿಯ ಆ ಹೆಂಗಸಿಗೂ ಹೋಗಲು ಒಂದು ಬಾಗಿಲಿತ್ತು. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನಾವು, ಹೇಳಲಿಲ್ಲ.

ಇದೆಲ್ಲ ಕೇಳಿ ನಮ್ಮ ಮಗಳು, "ಅಮ್ಮಾ, ನೀನು ಅಂದು ತಪ್ಪು ಮಾಡಿದ್ದೆ ಅಂತ ಇವತ್ತು ಅವರು ಮಾಡಿದ್ದು ಸರಿಯಾಗಲ್ಲ" ಎಂದು ರೇಗಿದಳು. ಅವಳ ಗೆಳತಿ ವಕೀಲೆ. ಒಂದು ಭಾನುವಾರ ಮನೆಗೆ ಬಂದು, ಕಾಗದಗಳನ್ನೆಲ್ಲ ಹರಡಿಕೊಂಡು ಕೂತಳು. 1986ರ ಕಾನೂನಿನ ಜಾಗದಲ್ಲಿ 2019ರ ಹೊಸದು ಬಂದು, 2020ರ ಜುಲೈನಿಂದ ಜಾರಿಯಲ್ಲಿದೆ. ಕೊಟ್ಟ ಬೆಲೆ 50 ಲಕ್ಷ ದಾಟದಿದ್ದರೆ ಜಿಲ್ಲಾ ಆಯೋಗ, ದಾಟಿದರೆ 2 ಕೋಟಿಯವರೆಗೆ ರಾಜ್ಯ ಆಯೋಗ. 5 ಲಕ್ಷದವರೆಗಿನ ವಸ್ತುವಾದರೆ ಶುಲ್ಕವೇ ಇಲ್ಲ, ನಮ್ಮದಕ್ಕೆ 2000 ರೂಪಾಯಿ. ದೋಷ ಕಣ್ಣಿಗೆ ಕಾಣುವಂಥದ್ದಲ್ಲದಿದ್ದರೆ ಆಯೋಗವೇ ತಕ್ಕ ಪ್ರಯೋಗಾಲಯಕ್ಕೆ ಪರೀಕ್ಷೆಗೆ ಕಳಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು.

ಆ ಹುಡುಗಿ ಒಂದು ಹಳೆಯ ಮೊಕದ್ದಮೆಯನ್ನೂ ಹೇಳಿದಳು. ಅಮೆರಿಕದಲ್ಲಿ ಒಬ್ಬಾತ ಬ್ಯೂಯಿಕ್ ಕಾರು ಕೊಂಡಿದ್ದ. ಮರದ ಚಕ್ರ ಮುರಿದು ಪೆಟ್ಟು ತಿಂದ. ಚಕ್ರ ಮಾಡಿದ್ದು ಬೇರೆಯವರು, ಕಾರು ಮಾರಿದ್ದು ಡೀಲರು, ನಿನಗೂ ನಮಗೂ ಕರಾರೇ ಇಲ್ಲ ಎಂದು ಕಂಪೆನಿ ವಾದಿಸಿತು. 1916ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕಾರ್ಡೋಜೋ ಆ ವಾದವನ್ನು ಒಪ್ಪಲಿಲ್ಲ. ಯಾರು ಬಳಸುತ್ತಾರೆಂದು ತಿಳಿದೇ ಮಾಡಿದ ಮೇಲೆ, ಬಳಸುವವರ ಹೊಣೆ ನಿಮ್ಮದೇ ಎಂದರು. ನೂರು ವರ್ಷ ಕಳೆದರೂ ಕೌಂಟರಿನಲ್ಲಿ ಕೇಳುವುದು ಅದೇ ಹಳೆಯ ವಾದ.

ಇವರಿಗೆ ಮಾತ್ರ ಉತ್ಸಾಹವಿಲ್ಲ. "ದುಡ್ಡು ಎಸೆದು ರಿಪೇರಿ ಮಾಡಿಸಿ ಮರೆತುಬಿಡೋಣ. ಕೋರ್ಟು ಕಚೇರಿ ಅಂತ ಯಾರು ಅಲೀತಾರೆ?" ಎನ್ನುತ್ತಾರೆ. ಅದರಲ್ಲೂ ಅರ್ಥವಿದೆ. ಕಂಪೆನಿಯೊಂದು ತನ್ನ ನಿರ್ದೇಶಕರಿಗೆಂದು ಕೊಂಡ ವಿದೇಶೀ ಕಾರಿನ ವ್ಯಾಜ್ಯದಲ್ಲಿ ರಾಷ್ಟ್ರೀಯ ಆಯೋಗ 2007ರಲ್ಲಿ ತೀರ್ಪು ಕೊಟ್ಟರೆ, ಸುಪ್ರೀಂ ಕೋರ್ಟಿನ ಕಡೆಯ ಮಾತು ಬಂದದ್ದು 2024ರ ಜುಲೈನಲ್ಲಿ. ಹದಿನೇಳು ವರ್ಷ! ಅಷ್ಟು ಹೊತ್ತಿಗೆ ನಾವಿಬ್ಬರೂ ಎಲ್ಲಿರುತ್ತೇವೋ. ಆದರೆ ದುಡ್ಡಿರುವವರು ದುಡ್ಡು ಎಸೆದು ಎದ್ದು ಹೋಗುವುದನ್ನು ಔದಾರ್ಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆರನೆಯ ಸಲ ಬಾರದೆ ಹೋದವಳಿಗೆ ಬೇರೆ ದಾರಿಯಿರಲಿಲ್ಲ. ದಾರಿಯಿದ್ದವರೂ ಕೇಳದೆ ಹೋದರೆ, ಕೇಳಬೇಕಾದ ಪ್ರಶ್ನೆ ಹಾಗೇ ಉಳಿಯುತ್ತದೆ. ಕೊಟ್ಟ ಮಾತು ಬಡವಳಿಗೆ ಕೊಟ್ಟರೆ ಹೆಚ್ಚು, ಉಳ್ಳವಳಿಗೆ ಕೊಟ್ಟರೆ ಕಡಿಮೆ ಎಂದೇನೂ ಆಗುವುದಿಲ್ಲ. ಹೆಚ್ಚುಕಡಿಮೆಯಾಗುವುದು ಮುರಿದಾಗ ಆಗುವ ನೋವು ಮಾತ್ರ. ನನ್ನ ನೋವು ಅವಳದಕ್ಕಿಂತ ಬಹಳ ಸಣ್ಣದು, ಒಪ್ಪುತ್ತೇನೆ.

ದೂರು ಬರೆಯೋಣವೆಂದೇ ತೀರ್ಮಾನವಾಯಿತು. ಆಗ ಎದುರಾದದ್ದು ನಾನು ಎಣಿಸಿರದ ತೊಡಕು. ವಾರಂಟಿಗೆ ಸೇರುವುದಿಲ್ಲ ಎಂಬ ಆ ಕಾಗದದ ಕೆಳಗೆ ಸಹಿ ಯಾರದು? ಅದೇ ಹುಡುಗಿಯದು. ಬೇಡವೆಂದವರ ಹೆಸರು ಎಲ್ಲೂ ಇಲ್ಲ. ಮಗಳು ಬರೆದ ಕರಡಿನಲ್ಲಿ ಅವಳ ಹೆಸರು ನಾಲ್ಕು ಕಡೆ ಬಂದಿತ್ತು, ಅವಳೇ ನಿರಾಕರಿಸಿದಳು ಎಂಬಂತೆ. "ಇದು ಬೇಡ" ಎಂದೆ. "ಕಾಗದ ಸಾಕ್ಷಿ ಆಂಟಿ, ಅದಿಲ್ಲದೆ ದೂರೇ ನಿಲ್ಲಲ್ಲ" ಎಂದಳು ವಕೀಲೆ. ನಾಲ್ಕು ಕಡೆಯೂ ಹೆಸರು ಹೊಡೆದುಹಾಕಿಸಿ ಡೀಲರ್, ಕಂಪೆನಿ ಎಂದು ಬರೆಸಿದೆ. ಆದರೆ ಜೊತೆಗಿಡುವ ಕಾಗದದ ಸಹಿಯನ್ನು ಏನು ಮಾಡುವುದು? ನಾಳೆ ಕಂಪೆನಿಯವರು ಯಾರನ್ನಾದರೂ ಬಲಿ ಕೊಡಬೇಕೆಂದರೆ ಹತ್ತಿರದಲ್ಲಿ ಸಿಗುವವಳು ಅವಳೇ. ಮಾತು ಕೊಡದವಳು ಮಾತು ಮುರಿದವಳಾಗಿ ನಿಲ್ಲಬೇಕಾಗುತ್ತದೆ. ಅದನ್ನು ತಿಳಿದೂ ನಾನು ಆ ಕಾಗದ ಲಗತ್ತಿಸುವುದು ಸರಿಯೇ?

ಮೂರು ದಿನ ಹಿಂದೆಮುಂದೆ ನೋಡಿದೆ. ಕಡೆಗೆ, ದೂರು ಕೊಡುವ ಮೊದಲು ಅವಳಿಗೊಂದು ಮಾತು ತಿಳಿಸಬೇಕು, ಅಂದು ಆಡಿದ ಮಾತಿಗೆ ತಪ್ಪಾಯಿತೆನ್ನಬೇಕು, ಮೇಲಿನವರ ಸಹಿಯಿರುವ ಬೇರೊಂದು ಪತ್ರ ಸಿಕ್ಕೀತೇ ಎಂದೂ ಕೇಳಬೇಕು ಎಂದು ನಿಶ್ಚಯಿಸಿ, ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಫೋನು ಮಾಡಿದೆ. ಎತ್ತಿದ್ದು ಒಬ್ಬ ಹುಡುಗ. ಅವಳ ಹೆಸರು ಹೇಳಿ ಕೇಳಿದೆ.

"ಅವರು ಕೆಲಸ ಬಿಟ್ಟು ತಿಂಗಳ ಮೇಲಾಯ್ತು ಮೇಡಂ."

"ಯಾಕೆ ಬಿಟ್ಟರು?"

"ಗೊತ್ತಿಲ್ಲ ಮೇಡಂ. ಈಗ ಅವರ ಫೈಲುಗಳನ್ನೆಲ್ಲ ನಾನು ನೋಡ್ತಾ ಇದ್ದೀನಿ. ಹೊಸದಾಗಿ ಸೇರಿದ್ದೀನಿ. ನಿಮ್ಮ ಗಾಡಿಗೆ ಏನು ತೊಂದರೆ, ಸ್ವಲ್ಪ ಮೊದಲಿಂದ ಹೇಳ್ತೀರಾ?"

ಕಿಟಕಿಯಾಚೆ ಕಾರು ಎಡಗಾಲು ಮಡಚಿಕೊಂಡು ಕೂತಿತ್ತು. ನಾನು ಕುರ್ಚಿ ಎಳೆದುಕೊಂಡು, ಮೊದಲಿನಿಂದ ಹೇಳತೊಡಗಿದೆ.